ಬೀಟೆ ಹಲಗೆಗಳನ್ನು ಸಂರಕ್ಷಿಸಿದ ಬಗೆ

ಹೊಳೆನರಸೀಪುರದ ಬಡಗಿ ಪ್ರೇಮಕುಮಾರಿಗೆ ಅದೃಷ್ಟ ಒಲಿದದ್ದು ಎರಡನೇ ಶನಿವಾರ. ಅಂದು ಸರ್ಕಾರಿ ಕಚೇರಿಗಳಿಗೆ ರಜೆ ಇದ್ದುದರಿಂದ ಅದನ್ನು ತಡೆಯುವುದು ಯಾರಿಗೂ ಸಾಧ್ಯವಾಗಲಿಲ್ಲ.

ಜಿನನಾಥಪುರದ ಧರಣೇಂದ್ರಯ್ಯನವರು ತಮ್ಮ ತಾತನ ಕಾಲದ ಬೆಲ್ಲದ ಉಗ್ರಾಣವನ್ನು ಕೆಡವಿಸುತ್ತಿದ್ದರು. ಅಟ್ಟದ ಹಲಗೆ ಬಿಚ್ಚಲು ಪ್ರೇಮಕುಮಾರಿಯನ್ನು ಕರೆಸಿದ್ದರು. ಅಪ್ಪನಿಂದ ಕಸುಬು ಕಲಿತ ಈಕೆ ಹೇಮಾವತಿ ಸೇತುವೆಯ ಹತ್ತಿರ ಶೆಡ್ಡು ಹಾಕಿಕೊಂಡು ಬಾಗಿಲು, ಮಂಚ ಮಾಡುತ್ತಿದ್ದಳು. ಕೆತ್ತನೆ ಕೆಲಸವೆಲ್ಲ ಹಾಸನದ ಕಂಪ್ಯೂಟರ್ ಮೆಷಿನ್ನಿನವರ ಪಾಲಾದ ಮೇಲೆ ಅವಳಿಗೆ ಉಳಿದಿದ್ದು ಕಿರುಗುಟ್ಟುವ ಕಿಟಕಿಗಳ ರಿಪೇರಿ.

ಹಲಗೆಗಳು ಮಸಿ, ಬೆಲ್ಲದ ಜಿಗುಟು, ಇಲಿಹಿಕ್ಕೆ ಮೆತ್ತಿಕೊಂಡು ಇದ್ದಲಿನಂತಿದ್ದವು. ಮೂಲೆಯಲ್ಲಿ ಗೋಣಿಚೀಲದ ರಾಶಿಯ ಕೆಳಗೆ ಎರಕದ ಕಬ್ಬಿಣದ ಹಳೇ ಯಂತ್ರವೊಂದು ಸಿಕ್ಕಿತು.

"ಎರಡೂ ತಗೊಂಡು ಹೋಗಮ್ಮ, ಜಾಗ ಖಾಲಿಯಾದರೆ ಸಾಕು" ಎಂದರು ಧರಣೇಂದ್ರಯ್ಯ.

ಗಂಡ ದೇವರಾಜ್ ತನ್ನ ಗೂಡ್ಸ್ ಆಟೋದಲ್ಲಿ ಎಲ್ಲವನ್ನೂ ಶೆಡ್ಡಿಗೆ ತಂದುಹಾಕಿದ. ಪ್ರೇಮಕುಮಾರಿ ಒಂದು ಹಲಗೆಗೆ ಉಜ್ಜುಗೊರಡು ಹಾಕಿದಳು. ಮಸಿಯ ಕೆಳಗಿನಿಂದ ನೇರಳೆ ಮೈ, ಅದರಲ್ಲಿ ಕಪ್ಪು ಗೆರೆಗಳು ಎದ್ದು ಬಂದವು. ಬೀಟೆ! ಇನ್ನೊಂದು ಉಜ್ಜಿದಳು. ಅದೂ ಬೀಟೆ. ಅವಳು ಗೊರಡು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಮಾರನೆಯ ದಿನ ಬೆಳಿಗ್ಗೆಯೇ ಜಿನನಾಥಪುರಕ್ಕೆ ಹೋಗಿ, "ಅಯ್ಯಾ, ಅವು ಬೀಟೆ ಹಲಗೆ. ನೀವು ತಿಳೀದೆ ಕೊಟ್ಬುಟ್ರಿ" ಎಂದಳು.

"ತಿಳಿದಿದ್ದರೆ ಕೊಡುತ್ತಿರಲಿಲ್ಲವೇನೋ" ಎಂದು ಧರಣೇಂದ್ರಯ್ಯ ನಕ್ಕರು. "ಕೊಟ್ಟಮೇಲೆ ತಿಳಿದದ್ದು ಒಳ್ಳೆಯದಾಯಿತು. ಇಟ್ಟುಕೋ."

ಹೀಗೆ ಅರ್ಜಿ, ಸಹಿ, ಮೊಹರು ಯಾವುದೂ ಇಲ್ಲದೆ ಒಂದು ವಸ್ತು ಒಬ್ಬರಿಂದ ಇನ್ನೊಬ್ಬರ ಕೈ ಸೇರಿತು. ಮುಂದೆ ನಡೆದ ತನಿಖೆಯಲ್ಲಿ ಇದನ್ನೇ ಅತ್ಯಂತ ಅನುಮಾನಾಸ್ಪದ ಸಂಗತಿಯೆಂದು ಪರಿಗಣಿಸಲಾಯಿತು.

ಆ ಭಾನುವಾರವೆಲ್ಲ ಅವಳು ಸೀಮೆಎಣ್ಣೆ ಬಟ್ಟೆ ಹಿಡಿದು ಯಂತ್ರದ ತುಕ್ಕು ತಿಕ್ಕಿದಳು. ಅದು ಕಾಲಿನಿಂದ ತುಳಿದು ನಡೆಸುವ ಕೆತ್ತನೆ ಯಂತ್ರ. ಒಂದು ತುದಿಯ ಮೊಳೆಯನ್ನು ಮಾದರಿಯ ಮೇಲೆ ಓಡಿಸಿದರೆ, ಇನ್ನೊಂದು ತುದಿಯ ಉಳಿ ಅದೇ ಚಿತ್ರವನ್ನು ಮರದ ಮೇಲೆ ಕೆತ್ತುತ್ತಿತ್ತು. ಸಂಜೆಗೆ ಒಂದು ಬಳ್ಳಿ, ಬಳ್ಳಿಯ ಮೇಲೊಂದು ಗಿಳಿ ಮೂಡಿದವು. ಪ್ರೇಮಕುಮಾರಿ ಗಿಳಿಯ ಕೊಕ್ಕನ್ನು ಬೆರಳಿನಿಂದ ಸವರಿ ಸುಮ್ಮನೆ ನಗುತ್ತಿದ್ದಳು.

"ಇನ್ ಮ್ಯಾಕೆ ಆ ಕಂಪ್ಯೂಟ್ರುನೋರು ಬಾಗ್ಲು ಆಕ್ಕೊಂಡು ಓಗ್ಬೇಕು ಕಣೆ!" ಎಂದ ದೇವರಾಜ್, ಸಂತೋಷ ತಾಳಲಾರದೆ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ. ಪುರಾತನ ಮರಮುಟ್ಟು ಸಂರಕ್ಷಣಾ ಮಂಡಳಿಯ ಪರಿಶೀಲನಾಧಿಕಾರಿ ರಜನೀಶ್ ಅವರು ಹಿಂದೊಮ್ಮೆ ಮನೆ ಬದಲಿಸಲು ಅವನದೇ ಆಟೋ ಹಿಡಿದು ನಂಬರು ಇಟ್ಟುಕೊಂಡಿದ್ದರಿಂದ, ಅದು ಅವರಿಗೂ ಕಾಣಿಸಿತು.

ಸೋಮವಾರ ಶೆಡ್ಡಿನ ಮುಂದೆ ಮಂಡಳಿಯ ಜೀಪು ನಿಂತಿತು.

"ಬಡಗಿ ಎಲ್ಲಿ?" ಎಂದು ರಜನೀಶ್ ಕೇಳಿದರು.

"ನಾನೇ ಸಾ."

"ಕೆಲಸ ಮಾಡೋರು ಎಲ್ಲಿ ಅಂತ ಕೇಳಿದ್ದಮ್ಮ."

"ಅದೇ ಸಾ, ನಾನೇ ಮಾಡೋದು."

ರಜನೀಶ್ ಅವರು 'ಬಡಗಿ ಪರಾರಿಯಾಗಿದ್ದಾನೆ' ಎಂದು ಬರೆದುಕೊಂಡು ಹಲಗೆಗಳ ಕಡೆ ತಿರುಗಿದರು.

"ಈ ಮರ ಯಾವಾಗ ಸತ್ತದ್ದು?"

"ಯಾರ್ ಕಂಡವ್ರೆ ಸಾ? ನಮ್ಮಜ್ಜಿ ಉಟ್ಟೋಕ್ ಮುಂಚೆ ಇರ್ಬೇಕು."

"ಮರಣ ಪ್ರಮಾಣಪತ್ರ ಇದೆಯಾ?"

"ಮರುಕ್ಕಾ ಸಾ?"

"ನೋಡಮ್ಮ, ಸತ್ತಿಲ್ಲ ಅಂತಾದರೆ ಅದು ಜೀವಂತ ಬೀಟೆ. ಜೀವಂತ ಬೀಟೆಯನ್ನ ಶೆಡ್ಡಲ್ಲಿ ಕೂಡಿಹಾಕೋದು ಅಪರಾಧ. ಸತ್ತಿದೆ ಅಂತಾದರೆ ಯಾರು ಸಾಯಿಸಿದರು ಅಂತ ನೀನೇ ಹೇಳಬೇಕು."

ಅವಳು ಹೇಳದೇ ಇದ್ದುದರಿಂದ ಹಲಗೆಗಳನ್ನೂ, ಜೊತೆಯಲ್ಲಿ ಸಿಕ್ಕಿದ ಕಾರಣಕ್ಕೆ ಯಂತ್ರವನ್ನೂ ಜಪ್ತಿ ಮಾಡಲಾಯಿತು. ಹಾಸನಕ್ಕೆ ಸಾಗಿಸಿದ್ದು ದೇವರಾಜನ ಆಟೋದಲ್ಲೇ. ಬಾಡಿಗೆ ಕೇಳಿದಾಗ, ಅಪರಾಧಕ್ಕೆ ಬಳಕೆಯಾದ ವಾಹನಕ್ಕೆ ಬಾಡಿಗೆ ಕೊಡುವ ಪದ್ಧತಿ ಇಲ್ಲವೆಂದು ಅವನಿಗೆ ವಿನಯದಿಂದಲೇ ತಿಳಿಸಿದರು. ಇತ್ತ ಧರಣೇಂದ್ರಯ್ಯನವರಿಗೂ ನೋಟಿಸು ಹೋಯಿತು: 'ಬೆಲೆಬಾಳುವ ವಸ್ತುವನ್ನು ಮಾರದೆ ಕೊಟ್ಟುಬಿಡಲು ಕಾರಣವೇನು?' ಅವರು 'ಕೊಡೋಣ ಎನ್ನಿಸಿತು' ಎಂದು ಉತ್ತರಿಸಿದರು. ಉತ್ತರ ಅರ್ಥವಾಗುವಂತಿಲ್ಲ ಎಂಬ ಷರಾದೊಂದಿಗೆ ಅದು ಹಿಂತಿರುಗಿ ಬಂತು.

ಹಾಸನದ ಮಂಡಳಿ ಕಚೇರಿಯಲ್ಲಿ ದಾಸ್ತಾನು ಕೋಣೆ ಇರಲಿಲ್ಲ. ಉಪನಿರ್ದೇಶಕಿ ಮೇಘಶ್ರೀ ಅವರು ಯೋಚಿಸಿ ಒಂದು ಸುತ್ತೋಲೆ ಹೊರಡಿಸಿದರು: 'ಜಪ್ತಿಯಾದ ಮರವನ್ನು ನೆಲದ ಮೇಲಿಟ್ಟಲ್ಲಿ ಗೆದ್ದಲು, ಗೋಡೆಗೆ ಒರಗಿಸಿದಲ್ಲಿ ತೇವ, ಬಯಲಿನಲ್ಲಿಟ್ಟಲ್ಲಿ ಕಳ್ಳರ ಭಯವಿರುವ ಪ್ರಯುಕ್ತ, ಸದರಿ ಮರವನ್ನು ಕಾಲುಗಳ ಮೇಲೆ ನಿಲ್ಲಿಸಿ, ಅಧಿಕಾರಿಗಳ ದೇಹಕ್ಕೆ ಸಾಧ್ಯವಾದಷ್ಟೂ ಸಮೀಪದಲ್ಲಿ ಇರಿಸತಕ್ಕದ್ದು.'

ಹಾಗೆ ಇರಿಸುವುದು ಹೇಗೆಂದು ಬಲ್ಲವರು ಬೇಕಾಗಿದ್ದರಿಂದ ಪ್ರೇಮಕುಮಾರಿಗೆ ಕರೆ ಹೋಯಿತು.

"ಜಪ್ತಿ ಮಾಡಿರೋ ಮರದಲ್ಲಿ ಕುರ್ಚಿ ಮಾಡ್ಬೋದಾ ಮೇಡಂ?"

"ಕುರ್ಚಿ ಅನ್ನಬೇಡಿ. ಕೂತುಕೊಳ್ಳಬಹುದಾದ ದಾಸ್ತಾನು ಅನ್ನಿ" ಎಂದರು ಮೇಘಶ್ರೀ.

"ಕೂಲಿ?"

"ಆರೋಪ ಇರೋರಿಗೆ ಕೂಲಿ ಕೊಡೋಕೆ ಶುರು ಮಾಡಿದರೆ ನಾಳೆ ಊರಿಗೆ ಊರೇ ಆರೋಪ ಹೊರಿಸಿ ಅಂತ ಬಂದು ನಿಲ್ಲುತ್ತೆ. ಆದರೆ ನೀವು ಸಹಕರಿಸಿದರೆ ಯಂತ್ರ ವಾಪಸ್ ಕೊಡೋಣ."

ಪ್ರೇಮಕುಮಾರಿ ಆಚೆ ಬಂದು ಗಂಡನಿಗೆ ವಿಷಯ ಹೇಳಿದಳು. "ನನ್ ಮರದಲ್ಲಿ ನಾನೇ ಪುಗಸಟ್ಟೆ ಕುರ್ಚಿ ಮಾಡಿ ಇವ್ರುನ್ನ ಕೂರುಸ್ಬೇಕಂತೆ" ಎಂದಳು.

"ಮಾಡ್ಕೊಟ್ಬುಡು. ಮರ ಓದ್ರೆ ಓಗ್ಲಿ, ಮೆಷಿನ್ನಾದ್ರೂ ಬರ್ಲಿ" ಎಂದ ದೇವರಾಜ್. ಸ್ಟೇಟಸ್ ಹಾಕಿದವನು ತಾನೇ ಎಂಬ ಸಂಕಟಕ್ಕೆ ಅವನು ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ.

ಅವಳು ಒಪ್ಪಿಕೊಂಡಳು. ಕಚೇರಿಯ ಹಿತ್ತಲಲ್ಲಿ ಕೆಲಸ ಶುರುವಾಯಿತು. ಸೊಟ್ಟಗೆ ಮಾಡಿ ಬಿಸಾಡಬೇಕು ಎಂದುಕೊಂಡೇ ಮೊದಲ ದಿನ ಉಳಿ ಹಿಡಿದಿದ್ದಳು. ಅಂಥ ಮರಕ್ಕೆ ಹಾಗೆ ಮಾಡಲು ಕೈ ಬರಲಿಲ್ಲ. ಯಾರೂ ಕೇಳದಿದ್ದರೂ ಮೇಜಿನ ಕಾಲುಗಳಿಗೆ ಬಳ್ಳಿ ಸುತ್ತಿಸಿದಳು, ಸುತ್ತಿಸಿ ತನ್ನನ್ನೇ ಬೈದುಕೊಂಡಳು. ಮೇಘಶ್ರೀ ಅವರು ಬೆರಳಾಡಿಸಿ ನೋಡಿ, ದಾಸ್ತಾನು ಸುಸ್ಥಿತಿಯಲ್ಲಿದೆ ಎಂದು ಪ್ರಮಾಣೀಕರಿಸಿದರು.

ಕಚೇರಿಯಲ್ಲಿ ಜಾಗ ತುಂಬಿದ ಮೇಲೆ ಸಂರಕ್ಷಣೆ ತಾಲ್ಲೂಕು ಮಟ್ಟಕ್ಕೆ ಇಳಿಯಿತು. ಅರಕಲಗೂಡಿನ ಉಪಕೇಂದ್ರವನ್ನು ರಜನೀಶ್ ಅವರ ಮಾವನ ಮನೆಯಲ್ಲಿ ತೆರೆಯಲಾಯಿತು. ಅಲ್ಲಿಗೆ ಒಂದು ಮಂಚ, ಒಂದು ದೇವರ ಮಂಟಪ, ಹಜಾರಕ್ಕೆ ಒಂದು ಉಯ್ಯಾಲೆ ಮಂಜೂರಾದವು. ಪ್ರೇಮಕುಮಾರಿ ಉಯ್ಯಾಲೆ ತೂಗುಹಾಕಿ ಕೆಳಗಿಳಿಯುವಷ್ಟರಲ್ಲಿ ಮಾವನವರು ಅದರ ಮೇಲೆ ಕಾಲು ಚಾಚಿ ಮಲಗಿದ್ದರು.

"ಸರ್ಕಾರದ ಮಾಲು ಕಾಯೋದು ಅಂದ್ರೆ ಉಡುಗಾಟ ಅಲ್ಲ ಕಣಮ್ಮ" ಎಂದರು ಕಣ್ಣು ಮುಚ್ಚಿಕೊಂಡೇ. "ಉಂಡಾದ್ ಮ್ಯಾಕೂ ಡ್ಯೂಟಿ ಮಾಡ್ಬೇಕು."

ಹಲಗೆಗಳು ಮುಗಿಯುತ್ತ ಬಂದಾಗ, ಬೀಟೆ ಮರ ಅಳಿವಿನ ಅಂಚಿನಲ್ಲಿದೆ ಎಂಬುದು ಮಂಡಳಿಯ ಗಮನಕ್ಕೆ ಬಂತು. ತಕ್ಷಣ 'ಬೀಟೆ ಉಳಿಸಿ' ಅಭಿಯಾನ ಘೋಷಣೆಯಾಯಿತು. ಚನ್ನರಾಯಪಟ್ಟಣದ ಬೀದಿಗಳಲ್ಲಿ ಮೈಕು ಕಟ್ಟಿದ ಜೀಪು ಓಡಾಡಿತು: "ಮಹಾಜನರಲ್ಲಿ ವಿನಂತಿ! ತಮ್ಮ ಮನೆಗಳಲ್ಲಿ ಹಳೇ ಮರದ ಬಾಗಿಲು, ಕಂಬ, ಪೆಟ್ಟಿಗೆ ಮುಂತಾದ ಮೃತ ವೃಕ್ಷಗಳಿದ್ದಲ್ಲಿ ಕೂಡಲೇ ಮಾಹಿತಿ ನೀಡಿ, ಸಂರಕ್ಷಣೆಗೆ ಒಳಗಾಗಿ!"

ಉಳಿದ ಹಲಗೆಗಳು ಅಭಿಯಾನದ ಸಮಾರಂಭಕ್ಕೆ ಬರುವ ಅತಿಥಿಗಳ ನೆನಪಿನ ಕಾಣಿಕೆಗೂ, ಭಾಷಣದ ಪೀಠಕ್ಕೂ ಸಂದವು. ಕೊನೆಯ ತುಂಡಿನಲ್ಲಿ 'ಬೀಟೆ ಉಳಿಸಿ' ಎಂದು ಕೆತ್ತಿಸಿದರು.

ಸಮಾರಂಭದ ದಿನ ಪ್ರೇಮಕುಮಾರಿ ಯಂತ್ರ ಕೇಳಲು ಗಂಡನ ಜೊತೆ ಚನ್ನರಾಯಪಟ್ಟಣಕ್ಕೆ ಹೋದಳು. ಅದು ವೇದಿಕೆಯ ಮೇಲೇ ಇತ್ತು, ಸೇವಂತಿಗೆ ಹಾರ ಹಾಕಿಸಿಕೊಂಡು. ಮೈತುಂಬ ಹಸಿರು ಪೇಂಟು. ಸಾರ್ವಜನಿಕರ ಕೈಕಾಲುಗಳ ಸುರಕ್ಷತೆಗಾಗಿ ಚಕ್ರಗಳನ್ನು ವೆಲ್ಡಿಂಗ್ ಮಾಡಿ ನಿಲ್ಲಿಸಿದ್ದರು.

"ಮೇಡಂ, ವಾಪಸ್ ಕೊಡ್ತೀನಿ ಅಂದಿದ್ರಿ..."

"ಕೊಟ್ಟಾಯ್ತಲ್ಲ, ಸಾರ್ವಜನಿಕರಿಗೆ" ಎಂದರು ಮೇಘಶ್ರೀ ಅಕ್ಕರೆಯಿಂದ. "ನೀವೂ ಸಾರ್ವಜನಿಕರೇ ಅಲ್ವಾ? ಇನ್ನು ಮೇಲೆ ಕಚೇರಿ ವೇಳೆಯಲ್ಲಿ ಯಾವಾಗ ಬೇಕಾದರೂ ಬಂದು ನೋಡಬಹುದು."

ಅವಳು ತುಳಿಯುವ ಪಟ್ಟಿಯ ಮೇಲೆ ಕಾಲಿಟ್ಟು ಒತ್ತಿದಳು. ಅದು ಅಲುಗಲಿಲ್ಲ. ಕಾವಲಿನವನು ಬಂದು, "ಮುಟ್ಟಂಗಿಲ್ಲ ಕಣಮ್ಮ" ಎಂದ. ಅಷ್ಟರಲ್ಲಿ ಅವಳಿಗೊಂದು ಪ್ರಶಂಸಾಪತ್ರ ಕೊಟ್ಟು ಚಪ್ಪಾಳೆ ತಟ್ಟಿದರು.

ವಾಪಸ್ ಬರುವಾಗ ಅವಳು ಪ್ರಶಂಸಾಪತ್ರವನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. "ಏನಾರಾ ಮಾತಾಡು" ಎಂದ ದೇವರಾಜ್.

"ಏನ್ ಮಾತಾಡ್ಲಿ? ಚಕ್ರುಕ್ಕೆ ಬೆಸುಗೆ ಆಕವ್ರೆ ಕಣ್ರೀ" ಎಂದವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಭಿಯಾನ ಭರ್ಜರಿ ಯಶಸ್ಸು ಕಂಡಿತು. ಅದಾದ ವಾರದಲ್ಲೇ ಸಾಲಗಾಮೆಯ ರೈತ ರವೀಂದ್ರ ತನ್ನ ಮನೆಯ ಹಳೇ ಬಾಗಿಲನ್ನು ಬಟ್ಟೆಯಲ್ಲಿ ಸುತ್ತಿ ಪ್ರೇಮಕುಮಾರಿಯ ಶೆಡ್ಡಿಗೆ ಹೊತ್ತು ತಂದ.

"ಅಕ್ಕಾ, ಇದ್ರು ಮ್ಯಾಲೆ ಮೈಕಾ ಆಳೆ ಅಂಟಿಸಿ, ಪ್ಲೈವುಡ್ ಬಾಗ್ಲು ಕಂಡಂಗ್ ಮಾಡ್ಕೊಡಿ."

ಅವಳು ಬಾಗಿಲಿನ ಮೇಲಿನ ಆನೆಗಳ ಸಾಲನ್ನು ನೋಡಿದಳು. "ಇಂಥಾದ್ನ ಯಾಕಪ್ಪಾ ಮುಚ್ಚುಸ್ತೀಯಾ?"

"ಕಾಣಿಸಿದ್ರೆ ಸಂರಕ್ಷಣೆ ಮಾಡ್ಬುಡ್ತಾರೆ ಕಣಕ್ಕಾ!"

"ಯಾವ ಬಣ್ಣುದ್ದು ಅಂಟಿಸ್ಲಿ?"

"ಯಾರೂ ಏನೂ ಕೇಳ್ದೆ ಇರೋ ಅಂಥ ಬಣ್ಣ."

ಅವಳು ಬೂದು ಬಣ್ಣದ ಹಾಳೆ ಅಂಟಿಸಿ ಕೊಟ್ಟಳು. ಸುದ್ದಿ ಹಬ್ಬಿತು. ದಂಡಿಗನಹಳ್ಳಿಯಿಂದ ಕಂಬಗಳು ಬಂದವು, ಅರಕಲಗೂಡಿನಿಂದ ತೊಟ್ಟಿಲುಗಳು ಬಂದವು. ದೇವರಾಜ್ ಹಾಸನದಿಂದ ಹಾಳೆ ತರುವುದು, ಅವಳು ಅಂಟಿಸುವುದು, ಇಬ್ಬರಿಗೂ ಬಿಡುವೇ ಇಲ್ಲದಂತಾಯಿತು. ಜಿಲ್ಲೆಯಲ್ಲಿ ಎಲ್ಲಿ ಹುಡುಕಿದರೂ ಹಳೇ ಮರ ಕಣ್ಣಿಗೆ ಬೀಳದಿರುವುದರಿಂದ ಸಂರಕ್ಷಣೆ ಸಂಪೂರ್ಣಗೊಂಡಿದೆ ಎಂದು ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಪ್ರಕಟಿಸಿತು.

ವರದಿ ಓದಿ ಮೆಚ್ಚಿದ ಮೇಲಿನವರು, ಸಂರಕ್ಷಿಸಿದ ಮರವನ್ನು ಖುದ್ದು ನೋಡಿ ಹೋಗುವುದಾಗಿ ತಿಳಿಸಿದರು. ಅದರ ಮಾರನೆಯ ದಿನ ಶೆಡ್ಡಿನ ಮುಂದೆ ಜೀಪು ನಿಂತಿತು. ರಜನೀಶ್ ಅವರು ಉಯ್ಯಾಲೆಯ ಹಲಗೆಯನ್ನು ಇಳಿಸಿಕೊಂಡು ಒಳಗೆ ಬಂದರು. ಹಿಂದೆಯೇ ಮೇಘಶ್ರೀ ಅವರ ಮೇಜನ್ನು ಇಬ್ಬರು ಹೊತ್ತು ತಂದರು.

"ಅರ್ಜೆಂಟಮ್ಮ, ಇವತ್ತೇ ಅಂಟಿಸಿಕೊಡಬೇಕು."

ಪ್ರೇಮಕುಮಾರಿ ಗೋಂದಿನ ಡಬ್ಬದಿಂದ ತಲೆಯೆತ್ತಲಿಲ್ಲ. ಸಾಲಿನಲ್ಲಿ ಕಿಟಕಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು, "ಇಂದ್ಕೋಗಿ ನಿಂತ್ಕಳಿ ಸಾ, ಎಲ್ಲಾರ್ದೂ ಅರ್ಜೆಂಟೇಯಾ" ಎಂದಳು.

ಅದು ನ್ಯಾಯವೆಂದು ರಜನೀಶ್ ಅವರಿಗೂ ತೋರಿತು. ಬಿಸಿಲು ಜೋರಾಗಿದ್ದುದರಿಂದ ಅವರು ಉಯ್ಯಾಲೆಯ ಹಲಗೆಯನ್ನು ತಲೆಗೆ ಅಡ್ಡಹಿಡಿದು ಸಾಲಿನ ಕೊನೆಯಲ್ಲಿ ನಿಂತು, ಬೂದು ಬಣ್ಣ ಖಾಲಿಯಾಗದಿದ್ದರೆ ಸಾಕು ಎಂದು ಮುಂದಿದ್ದವರ ಹತ್ತಿರ ಹೇಳಿಕೊಂಡರು.