ಮನೆ ಗೆಲ್ಲಲು ಹೊರಟ ಅಭ್ಯರ್ಥಿ

ಮನೆ ಗೆದ್ದು ಮಾರು ಗೆಲ್ಲು ಎಂಬ ಗಾದೆಯನ್ನು ನಮ್ಮ ಕನ್ನಡಕದಂಗಡಿಯ ಅಳಿಯಂದಿರು ಅಕ್ಷರಶಃ ನಂಬಿದ್ದರಿಂದ ಇಷ್ಟೆಲ್ಲ ಆಯಿತು. ಆ ಗಾದೆ ಕಟ್ಟಿದ ಪುಣ್ಯಾತ್ಮ ಖಂಡಿತ ಮನೆ ಅಳಿಯನಾಗಿರಲಿಲ್ಲ. (ಆಗಿದ್ದರೆ, ಮನೆ ಸಹವಾಸ ಬೇಡ, ನೇರ ಮಾರಿನಿಂದಲೇ ಶುರು ಮಾಡಿ ಎನ್ನುತ್ತಿದ್ದ.)

ಇವರು ಮದುವೆಯಾಗಿ ಅತ್ತೆಯ ಮನೆಗೇ ಬಂದು ನೆಲೆಸಿದವರು. ಮನೆ ಅತ್ತೆಯದು, ಕೆಳಗಿನ ಕನ್ನಡಕದಂಗಡಿ ಅತ್ತೆಯದು, ಹೆಂಡತಿಯಂತೂ ಹುಟ್ಟಿದಾಗಿನಿಂದಲೂ ಅತ್ತೆಯ ಕಡೆಯವಳೇ. ಅಳಿಯಂದಿರದು ಅಂತ ಇದ್ದದ್ದು ಒಂದು ಸ್ಕೂಟರು, ಒಂದು ಕಂಚಿನ ಕಂಠ, ಮತ್ತು ಶಾಸಕನಾಗಬೇಕೆಂಬ ಉತ್ಕಟೇಚ್ಛೆ. ಅತ್ತೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಬೀದಿಗೆಲ್ಲ ಅವರು ದೊಡ್ಡ ಮೇಡಂ. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ.

ವಿಧಾನಸಭೆ ಚುನಾವಣೆಗೆ ಅಳಿಯಂದಿರ ಪಕ್ಷದಲ್ಲಿ ಟಿಕೆಟ್ ಕೇಳಿದವರು ಇಬ್ಬರು: ಇವರು, ಮತ್ತು ಪೆಟ್ರೋಲ್ ಬಂಕಿನ ಮಾಲೀಕರು. ಆರಿಸಲು ಪಕ್ಷದ ವೀಕ್ಷಕರು ಬರುತ್ತಾರೆಂದು ಗೊತ್ತಾದ ಕೂಡಲೇ ಅಳಿಯಂದಿರ ತಲೆಯಲ್ಲಿ ಮಿಂಚು ಹೊಳೆಯಿತು.

"ಅವರನ್ನ ಮನೆಗೇ ಟೀಗೆ ಕರೀತೀನಿ. ಅವರ ಎದುರಿಗೇ ಒಂದು ಚರ್ಚೆ. ವಿದ್ಯುತ್ತು, ಬಸ್ಸು, ಬಜೆಟ್ಟು, ವಲಸೆ, ನಾಲ್ಕೂ ವಿಷಯದ ಮೇಲೆ ನಾನು ಮಾತಾಡ್ತೀನಿ. ಅತ್ತೆ ವಿರೋಧಪಕ್ಷ. ಕೊನೆಗೆ ಮನೆಯವರೆಲ್ಲ ನನಗೇ ಓಟು ಹಾಕ್ತೀರಿ. ಬಂಕಿನವರ ಮನೇಲಿ ನಡೆಯುತ್ತಾ ಇಂಥದ್ದು?" ಎಂದರು.

"ನನ್ನ ಗಂಡ ಶಾಸಕ ಅಂತ ಹೇಳ್ಕೊಳ್ಳೋಕೆ ನಂಗೂ ಆಸೆನೇ ರೀ. ಆದ್ರೆ ಅಮ್ಮನ ಕೈಲಿ ವಿರೋಧ ಮಾಡಿಸ್ಬೇಡಿ" ಎಂದಳು ಹೆಂಡತಿ. ಆಕೆ ದಿನಾ ಬಸ್ಸಿನಲ್ಲಿ ಕಚೇರಿಗೆ ಹೋಗಿಬರುವವಳು, ಅನುಭವಸ್ಥೆ.

ಅಳಿಯಂದಿರು ಕೇಳಲಿಲ್ಲ. ಅತ್ತೆಯ ಬಳಿ ಹೋಗಿ, "ಅತ್ತೆ, ಸುಮ್ಮನೆ ಶಾಸ್ತ್ರಕ್ಕೆ ಸ್ವಲ್ಪ ವಿರೋಧಿಸಿ, ಸಾಕು" ಎಂದರು.

"ಸ್ವಲ್ಪ ಅಂದ್ರೆ ಎಷ್ಟು ಅಳಿಯಂದಿರೇ?" ಎಂದು ದೊಡ್ಡ ಮೇಡಂ ಕನ್ನಡಕ ಒರೆಸಿಕೊಂಡರು.

ಭಾನುವಾರ ವೀಕ್ಷಕರು ಬಂದು ಸೋಫಾದಲ್ಲಿ ಕೂತರು. ಟೀ ಬಂತು, ಬಿಸ್ಕತ್ತು ಬಂತು. ಅಳಿಯಂದಿರು ಊಟದ ಮೇಜಿನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಮಾನ್ಯರೇ! ಮನೆಮನೆಯ ಮೇಲೂ ಸೌರಶಕ್ತಿ, ಇದು ನನ್ನ ಸಂಕಲ್ಪ. ಸೂರ್ಯದೇವ ಕೊಟ್ಟ ಒಂದು ಕಿರಣವೂ ವ್ಯರ್ಥವಾಗಬಾರದು!"

"ಸಂಕಲ್ಪ ಚೆನ್ನಾಗಿದೆ" ಎಂದರು ಅತ್ತೆ. "ಮಹಡಿ ಮೇಲೆ ನಮ್ಮ ಸೋಲಾರ್‌ಗೆ ಅಡ್ಡ ಕಟ್ಟಿರೋ ಆ ಬ್ಯಾನರ್ ಯಾರದು?"

ಬ್ಯಾನರ್ ಅಳಿಯಂದಿರದೇ. 'ನಾಡಿಗೆ ಬೆಳಕು ತರುವ ನಾಯಕ' ಎಂದು ಆಳೆತ್ತರದ ಚಿತ್ರ. ಅದನ್ನು ಕಟ್ಟಿದಂದಿನಿಂದ ಮನೆಮಂದಿಯೆಲ್ಲ ತಣ್ಣೀರಲ್ಲಿ ಸ್ನಾನ ಮಾಡುತ್ತಿದ್ದರು. ಅಳಿಯಂದಿರ ಪುಟ್ಟ ಮಗಳು ಸಮಯ ಸಾಧಿಸಿ ಒಮ್ಮೆ ಸೀನಿದಳು.

ಅಳಿಯಂದಿರು ವಿದ್ಯುತ್ತನ್ನು ಅಲ್ಲಿಗೇ ಕಡಿತಗೊಳಿಸಿ ಬಸ್ಸು ಹತ್ತಿದರು. "ಬೀದಿಬೀದಿಗೂ ಬಸ್ಸು! ಪ್ರತಿ ತಿರುವಿನಲ್ಲೂ ನೆರಳಿರುವ ತಂಗುದಾಣ!"

ಈ ಸಲ ಹೆಂಡತಿಗೇ ತಡೆಯಲಾಗಲಿಲ್ಲ. "ಮೂಲೆಯಲ್ಲಿ ಈಗಾಗಲೇ ಒಂದಿದೆ ರೀ. ಅದರೊಳಗೆ ನಿಮ್ಮ ಸ್ಕೂಟರ್ ನಿಂತಿರುತ್ತೆ. ನಾವು ಬಿಸಿಲಲ್ಲಿ ನಿಂತಿರ್ತೀವಿ."

"ಬಿಸಿಲಿಗೆ ಸೀಟು ಬಿರಿಯುತ್ತೆ ಕಣೇ" ಎಂದರು ಅಳಿಯಂದಿರು ಮೆಲ್ಲಗೆ. ವೀಕ್ಷಕರು ತುಟಿ ಕಚ್ಚಿಕೊಂಡು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಆದರೂ ಧೈರ್ಯ ಸೋತವರಲ್ಲ ನಮ್ಮವರು. ತೆರಿಗೆ ಇಳಿಸುತ್ತೇನೆ, ಸೌಲಭ್ಯ ಏರಿಸುತ್ತೇನೆ, ಬಜೆಟ್ಟಿನಲ್ಲಿ ಕೊರತೆ ಎಂಬ ಪದವನ್ನೇ ಅಳಿಸಿಬಿಡುತ್ತೇನೆ ಎಂದು ಮೇಜು ಕುಟ್ಟಿದರು. "ಅಕಸ್ಮಾತ್ ಕೊರತೆ ಬಿದ್ದರೆ?" ಎಂದು ವೀಕ್ಷಕರು ಕೇಳಿದರು. ಅಳಿಯಂದಿರ ಕಣ್ಣು ರೂಢಿಯಂತೆ ಅತ್ತೆಯ ಕಡೆ ತಿರುಗಿತು.

"ಇಡೀ ರಾಜ್ಯಕ್ಕೆ ನನ್ನ ಪಿಂಚಣಿ ಸಾಲಲ್ಲ ಅಳಿಯಂದಿರೇ" ಎಂದರು ದೊಡ್ಡ ಮೇಡಂ.

ಉಳಿದದ್ದು ವಲಸೆ. ಹೋದ ಮಾನವನ್ನೆಲ್ಲ ಇಲ್ಲೇ ಬಾಚಿಕೊಳ್ಳಬೇಕೆಂದು ಅಳಿಯಂದಿರು ಕಂಚಿನ ಕಂಠವನ್ನು ಪೂರ್ತಿ ಬಿಚ್ಚಿದರು. "ಹೊರಗಿನಿಂದ ಬಂದವರು ನೆಂಟರ ಹಾಗೆ ಬರಲಿ, ನೆಂಟರ ಹಾಗೆ ಹೋಗಲಿ! ಒಂದು ಪೆಟ್ಟಿಗೆ ಹಿಡಿದು ಬರೋದು, ಇಲ್ಲೇ ತಳ ಊರೋದು, ಇಲ್ಲಿಯವರ ಅನ್ನ ಉಂಡು, ಇಲ್ಲಿಯವರ ಅಂಗಡೀಲೇ ಕೂತು..."

ಹೆಂಡತಿ ಸೂರು ನೋಡುತ್ತಿದ್ದಳು. ಮಗಳು ಅಪ್ಪನನ್ನೇ ನೋಡುತ್ತಿದ್ದಳು.

"ನಿಲ್ಲಿಸ್ಬೇಡಿ, ಮುಂದುವರಿಸಿ" ಎಂದರು ಅತ್ತೆ.

ಅಳಿಯಂದಿರಿಗೆ ತಾವು ಯಾರ ಬಗ್ಗೆ ಮಾತಾಡುತ್ತಿದ್ದೇವೆಂದು ಆಗ ಹೊಳೆಯಿತು. ನಡುವಾಕ್ಯದಲ್ಲೇ ಪಕ್ಷದ ನೀತಿ ಬದಲಾಯಿತು. "...ದುಡಿಯೋದು ಅಂದ್ರೆ ಸಾಮಾನ್ಯವೇ ಮಾನ್ಯರೇ? ಅಂಥವರಿಂದಲೇ ನಾಡು ಬೆಳೆಯೋದು!"

ದೊಡ್ಡ ಮೇಡಂ ಎದ್ದು ನಿಂತರು. "ನನ್ನ ಅಭಿಪ್ರಾಯ ಇಷ್ಟೇ ಸಾರ್. ಬಂದವರನ್ನ ಕಳಿಸೋ ಮಾತು ಬೇಡ, ಕೆಲಸ ಕೊಡಿ. ಇವರು ಬಂದಾಗ ಜನ ನಕ್ಕರು, ಅಳಿಯ ಮನೆ ತೊಳೀತಾನೆ ನೋಡಿ ಅಂದರು. ಮುಚ್ಚಿಹೋಗಿದ್ದ ನಮ್ಮೆಜಮಾನ್ರ ಅಂಗಡಿ ಬೀಗದಕೈ ನಾನು ಇವರ ಕೈಗೆ ಕೊಟ್ಟೆ. ಇವತ್ತು ಈ ಬೀದಿಯ ಮುದುಕರೆಲ್ಲ ಪೇಪರ್ ಓದೋದು ಇವರು ಕೊಟ್ಟ ಕನ್ನಡಕದಲ್ಲಿ. ನನಗೆ ಇವರ ಮೇಲೆ ಹೆಮ್ಮೆ ಇದೆ. ಭಾಷಣದ ಮೇಲಲ್ಲ, ಇವರ ಮೇಲೆ."

ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಇಂಥ ಮಾತು ಬಂದಿರಲಿಲ್ಲ.

"ಸರಿ, ಈಗ ಓಟು" ಎಂದರು ಅತ್ತೆ, ತರಗತಿಯ ದನಿಯಲ್ಲಿ. "ಚರ್ಚೇಲಿ ನಾನು ಗೆದ್ದೆ ಅನ್ನೋರು ಕೈ ಎತ್ತಿ!"

ಮಗಳ ಕೈ ಎದ್ದಿತು. ಹೆಂಡತಿಯ ಕೈ ಎದ್ದಿತು. ಇವೆರಡಕ್ಕಿಂತ ಮೊದಲು, ಎಲ್ಲಕ್ಕಿಂತ ಎತ್ತರಕ್ಕೆ, ಇನ್ನೊಂದು ಕೈ ಎದ್ದಿತ್ತು. ಆ ಮನೆಯಲ್ಲಿ ಗೋಡೆಯ ಬಣ್ಣದಿಂದ ಹಿಡಿದು ಎಲ್ಲವೂ ತೀರ್ಮಾನವಾಗುತ್ತಿದ್ದದ್ದು ಹೀಗೇ, ಮದುವೆಯ ಮರುದಿನದಿಂದಲೂ. ಅಳಿಯಂದಿರು ತಲೆಯೆತ್ತಿ ನೋಡಿದರು. ಕೈ ಅವರದೇ.

ಅಭ್ಯರ್ಥಿಗೆ ಅಭ್ಯರ್ಥಿಯ ಓಟೂ ಬೀಳಲಿಲ್ಲ. ಟಿಕೆಟ್ ಬಂಕಿನ ಪಾಲಾಯಿತೆಂದು ಅವರು ಕುರ್ಚಿಗೆ ಕುಸಿದರು. ಆದರೆ ವೀಕ್ಷಕರು ಎದ್ದು ಬಂದು ಆ ಕೈಯನ್ನೇ ಹಿಡಿದು ಕುಲುಕಿದರು.

"ಟಿಕೆಟ್ ನಿಮಗೇ ಸ್ವಾಮಿ! ಬಂಕಿನವರು ಬುದ್ಧಿವಂತರು, ಯೋಚನೆ ಮಾಡಿ ಕೈ ಎತ್ತೋರು. ನಮಗೆ ಬೇಕಾದ್ದು ಇಂಥ ಶಿಸ್ತಿನ ಕೈ. ಹೇಳಿದ ತಕ್ಷಣ, ತನಗೇ ನಷ್ಟ ಆದ್ರೂ ಸರಿ, ಮೇಲೆ ಹೋಗ್ಬೇಕು!"

"ನನ್ನ ನಾಲ್ಕು ವಿಚಾರದಲ್ಲಿ ತಮಗೆ ಯಾವುದು ಹಿಡಿಸಿತು ಸಾರ್?"

"ವಿಚಾರನಾ? ಅದನ್ನ ನಾವೇ ಅಚ್ಚು ಹಾಕಿಸಿ ಕಳಿಸ್ತೀವಿ ಬಿಡಿ. ಸದನದಲ್ಲಿ ಕೈ ಯಾವಾಗ ಎತ್ತಬೇಕು ಅನ್ನೋದನ್ನೂ ನಾವೇ ಹೇಳ್ತೀವಿ."

"ನಿಮಗ್ಯಾಕೆ ಆ ತೊಂದರೆ?" ಎಂದರು ದೊಡ್ಡ ಮೇಡಂ. "ಸದನದಲ್ಲಿ ಸಾರ್ವಜನಿಕರು ಕೂರೋಕೆ ಗ್ಯಾಲರಿ ಇದೆಯಲ್ಲ. ಇವರು ಗೆದ್ದ ಮೇಲೆ ನಾನೇ ಅಲ್ಲಿ ಮುಂದಿನ ಸಾಲಲ್ಲಿ ಬಂದು ಕೂರ್ತೀನಿ. ಕೈ ಯಾವಾಗ ಎತ್ತಬೇಕು ಅಂತ ನಾನೇ ಹೇಳ್ತೀನಿ."

ವೀಕ್ಷಕರು ಮತ್ತೆ ಕೂತು ಅದ್ದಿದ್ದ ಬಿಸ್ಕತ್ತು ಮುರಿದು ಟೀಯಲ್ಲಿ ಮುಳುಗಿತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಓಡಿದಳು. ಅಳಿಯಂದಿರು ಮಾತ್ರ ಎದೆಯುಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮಗಳ ಭುಜ ಅಲುಗಿಸಿದರು.

"ಕೇಳಿಸ್ಕೊಂಡ್ಯಾ ಪುಟ್ಟಿ? ನಾನು ಗೆಲ್ತೀನಿ ಅಂತ ನಿಮ್ಮಜ್ಜಿಗೆ ಎಷ್ಟು ನಂಬಿಕೆ ನೋಡು!"