ಸೀಸೆಯ ಮೇಲಿನ ಮುಖ

ಗೌರೀಶಂಕರನ ಸಂಕಟಕ್ಕೆ ಮೂಲ ಒಂದು ತ್ರೈರಾಶಿ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ತಿಳಿದ ಮೂರು ಸಂಖ್ಯೆಗಳಿಂದ ತಿಳಿಯದ ನಾಲ್ಕನೆಯದನ್ನು ಪಡೆಯುವ ಆ ಕ್ರಮ ನಿರ್ದೋಷಿ. ದೋಷವೇನಿದ್ದರೂ ಆ ಮೂರನ್ನು ಆರಿಸಿದವರದು. ಇಲ್ಲಿ ಆರಿಸಿದವರು ಅವನ ಪಕ್ಕದ ಮನೆಯ ಸೇತುರಾಮ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ಅವರು ಲೆಕ್ಕದಿಂದ ನಿವೃತ್ತರಾಗಿರಲಿಲ್ಲ.

ಗೌರೀಶಂಕರ ಹನುಮಂತನಗರದ ಒಂದು ವಠಾರದಲ್ಲಿದ್ದ ಗುಮಾಸ್ತ. ಸಂಜೆಯ ಹೊತ್ತು ಗುಡ್ಡದ ಕೆಳಗಿನ ಮಣ್ಣಿನ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಆಟ ಸಾಧಾರಣ, ಕೂದಲು ಅಸಾಧಾರಣ. ಹಣೆಯ ಮೇಲಿನ ಸುಳಿಯಿಂದ ಹೊರಟು ಹಿಂದಕ್ಕೆ ಅಲೆಅಲೆಯಾಗಿ ಹರಿದಿದ್ದ ಆ ಕೂದಲನ್ನು ಕಂಡು, ದಾವಣಗೆರೆ ಕಡೆಯಿಂದ ಬಂದು ಶ್ರೀನಗರದಲ್ಲಿ ಎಣ್ಣೆ ಕಾಯಿಸುತ್ತಿದ್ದ ಶಾಂತವೀರಪ್ಪ ಮಾರುಹೋದ. ಹೆಂಡತಿಯ ಹೆಸರಿಟ್ಟು ತಾನು ಮಾರುತ್ತಿದ್ದ 'ಸರ್ವಮಂಗಳಾ ಕೇಶತೈಲ'ದ ಸೀಸೆಗೆ ಗೌರೀಶಂಕರನ ಚಿತ್ರ ಅಂಟಿಸಿದ: ಕೈಯಲ್ಲಿ ಚೆಂಡು, ಮುಖದಲ್ಲಿ ನಗೆ, ತಲೆಯಲ್ಲಿ ಹೊಳಪು. ಇದಕ್ಕೆ ಪ್ರತಿಫಲ ತಿಂಗಳಿಗೆ ಒಂದು ಸೀಸೆ ಎಣ್ಣೆ.

ಗೌರೀಶಂಕರನಿಗೆ ಬೇಕಾಗಿದ್ದುದು ಎಣ್ಣೆಯಲ್ಲ, ಒಂದು ಜೊತೆ ಕ್ಯಾನ್ವಾಸ್ ಷೂ. ಇದ್ದ ಜೊತೆಯಲ್ಲಿ ಬಲಗಾಲಿನದರ ಅಟ್ಟೆ ಕಿತ್ತುಹೋಗಿ, ಗೋಣಿದಾರದ ಬಲದಿಂದ ನಿಂತಿತ್ತು. ಓಡುವಾಗ ಅದು ಹಸಿದ ಮೊಸಳೆಯಂತೆ ಬಾಯಿ ತೆರೆಯುತ್ತಿತ್ತು. ಅಂಗಡಿಯವನು ಎಣ್ಣೆ ತೆಗೆದುಕೊಂಡು ಷೂ ಕೊಡಲು ಒಪ್ಪಲಿಲ್ಲ.

ಆಗ ಮೇಷ್ಟ್ರು ಜಗುಲಿಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದರು.

"ನೋಡಯ್ಯಾ, ನಿನ್ನ ಆಟ ನೋಡೋಕೆ ಇಲ್ಲಿ ಎಷ್ಟು ಜನ ಬರ್ತಾರೆ? ಮಕ್ಕಳು ಮರಿ ಸೇರಿ ನೂರು ಅನ್ನು. ನೂರು ಜನಕ್ಕೆ ಒಂದು ಸೀಸೆ. ದಂಡಿನ ಮೈದಾನದಲ್ಲಿ, ಅದೇ ಕಂಟೋನ್ಮೆಂಟಿನಲ್ಲಿ, ಎರಡು ಸಾವಿರ ಜನ ಸೇರ್ತಾರೆ. ಅಲ್ಲಿಗೆ ಎಷ್ಟು?"

"ಇಪ್ಪತ್ತು ಸೀಸೆ, ಸಾರ್. ಅಷ್ಟು ಎಣ್ಣೆ ಇಟ್ಕೊಂಡು ನಾನೇನ್ ಮಾಡ್ಲಿ?"

"ಅಯ್ಯೋ ಮಂಕೇ, ಸೀಸೆ ಬೇಡ, ರೊಕ್ಕ ಕೇಳು! ಪೇಟೆ ದೊಡ್ಡದಾದ ಹಾಗೆ ಮುಖದ ಬೆಲೆ ಏರುತ್ತೆ. ಆಟ ಇದೇ ಸಾಕು, ಊರು ಬದಲಾಯಿಸು."

ಗೌರೀಶಂಕರ ಹನುಮಂತನಗರದ ತಂಡ ಬಿಟ್ಟು ದಂಡಿನ ಡೈಮಂಡ್ ಕ್ಲಬ್ಬು ಸೇರಿದ. ಎತ್ತರದ ಆಳೆಂದು ಅವರು ಸೇರಿಸಿಕೊಂಡರು, ಎತ್ತರದ ಆಳು ಹಿಂದಿನವರಿಗೆ ಅಡ್ಡವಾಗುತ್ತಾನೆಂದು ಬೆಂಚಿನ ತುದಿಯಲ್ಲಿ ಕೂರಿಸಿದರು. ವಿಷಯ ತಿಳಿದ ಶಾಂತವೀರಪ್ಪ ಒಂದು ಕರಾರು ಹಾಕಿದ.

"ಭಾನುವಾರ ಮ್ಯಾಚಿಗೆ ನಾನೇ ಬರ್ತೀನ್ರೀ. ಅಲ್ಲಿ ಮಂದಿ ನಿಮ್ಮ ಗುರುತು ಹಿಡಿದ್ರ ತಿಂಗಳಾ ಐವತ್ತು ರೂಪಾಯಿ ನಗದು. ಹಿಡೀಲಿಲ್ಲ ಅಂದ್ರ, ನಾ ಬ್ಯಾರೆ ಮುಖ ನೋಡ್ಕೋತೀನಿ."

ಭಾನುವಾರ ಬೆಳಗಾಯಿತು. ಗೌರೀಶಂಕರ ಷೂಗೆ ಹೊಸ ಗೋಣಿದಾರ ಬಿಗಿಯುತ್ತಿದ್ದಾಗ ವಠಾರದ ಒಡತಿ ಲಕ್ಷ್ಮಿದೇವಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹೊಸಕೆರೆಹಳ್ಳಿಯ ಗದ್ದೆ ಮಾರಿ ವಠಾರ ಕಟ್ಟಿಸಿದವಳು ಅವಳು. ಬಾಡಿಗೆದಾರರ ತಲೆಯೂ ತನ್ನ ಸ್ವತ್ತೆಂದೇ ನಂಬಿದ್ದಳು.

"ಏನ್ಲಾ ಗೌರಿ, ಹಿಂಗೇ ಹೊಂಟ್ಬುಟ್ಯಾ? ಸೀಸೆ ಮ್ಯಾಲೆ ನಿನ್ ತಲೆ ಕನ್ನಡಿ ಇದ್ದಂಗೈತೆ. ಈಗ ನೋಡು, ಹೊಗೆ ಹಿಡಿದ್ ಸೂರಿದ್ದಂಗೈತೆ. ಯಾವೋನು ಗುರುತಿಡಿತಾನೆ?"

"ಅಮ್ಮಾ, ಆಟಕ್ಕೆ ಹೋಗ್ವಾಗ ಎಣ್ಣೆ…"

"ಸುಮ್ಕೆ ಕೂತ್ಕೊ!"

ಕೂತ. ಅವಳು ಒಂದು ಸೀಸೆಯನ್ನು ತಲೆಗೆ ಪೂರ್ತಿ ಬಗ್ಗಿಸಿ, ರಾಗಿ ಮುದ್ದೆ ತೊಳಸಿದ ರಟ್ಟೆಯಿಂದ ತಿಕ್ಕಿದಳು. ಮೇಷ್ಟ್ರು ಬೇಲಿಯಾಚೆಯಿಂದ, "ಮೈದಾನ ದೊಡ್ಡದು, ದೂರದಿಂದ ಕಾಣ್ಬೇಕು. ಇನ್ನರ್ಧ ಹಾಕಿ," ಎಂದು ಪ್ರಮಾಣ ಸೂಚಿಸಿದರು. ಹಾಕಿದಳು.

ಆಟ ನೋಡಲು ಮೇಷ್ಟ್ರೂ ಲಕ್ಷ್ಮಿದೇವಮ್ಮನೂ ಜೊತೆಗೇ ಹೊರಟರು. ಬಸ್ಸಿನಲ್ಲಿ ಗೌರೀಶಂಕರ ಕಿಟಕಿಗೆ ತಲೆಯಾನಿಸಿದ. ಗಾಜು ಮಬ್ಬಾಯಿತು. ಬ್ರೇಕು ಬಿದ್ದಾಗ ಮುಂದಿನ ಸೀಟಿನವರ ಬಿಳಿಯ ಜುಬ್ಬದ ಮೇಲೆ ತಲೆಯೂರಿದ. ಅಲ್ಲಿ ಹೋಳಿಗೆಯಗಲದ ಒಂದು ಕಲೆ ಮೂಡಿತು.

"ಏನ್ ಸಾರ್ ಇದು, ಮದುವೆಗೆ ಹೊರಟೋನು ನಾನು!"

"ಸ್ವಾಮಿ, ಸಿಟ್ಟಾಗಬೇಡಿ," ಎಂದರು ಹಿಂದಿದ್ದ ಮೇಷ್ಟ್ರು. "ಇವನು ಯಾರು ಗೊತ್ತಾಯ್ತೇ? ಸರಿಯಾಗಿ ನೋಡಿ."

ಆ ಮನುಷ್ಯ ಸರಿಯಾಗಿ ನೋಡಿದ. "ಬೋಂಡಾ ಕರಿಯೋನಾ?" ಎಂದ.

ದಂಡಿನ ಮೈದಾನದಲ್ಲಿ ಜನ ಕಿಕ್ಕಿರಿದಿತ್ತು. ಆದರೆ ಆ ಎರಡು ಸಾವಿರ ಜನ ಬಂದಿದ್ದುದು ತಂಡದ ನಾಯಕ ಚೂಡಾಮಣಿಯನ್ನು ನೋಡಲು. ಇದನ್ನು ಮೇಷ್ಟ್ರ ಲೆಕ್ಕ ಗಣನೆಗೆ ತೆಗೆದುಕೊಂಡಿರಲಿಲ್ಲ. ಸೈನ್ಯದ ಪಟಾಲಮಿನಲ್ಲಿದ್ದು ಬಂದ ಚೂಡಾಮಣಿಯದು ಸೇನೆಯ ಕ್ರಾಪು, ತಲೆಯ ಮೇಲಿನ ಕೂದಲು ಕಡಲೆಕಾಯಿ ಕಿತ್ತ ಹೊಲದಂತೆ. ಮುಖ ಮಾತ್ರ ದೂರದಿಂದಲೂ ನೋಡುವಂಥದ್ದು. ಅವನು ಚೆಂಡು ಮುಟ್ಟಿದರೆ ಜನ ಎದ್ದು ನಿಲ್ಲುತ್ತಿದ್ದರು. ಬೆಂಚಿನ ತುದಿಯಲ್ಲಿದ್ದ ಗೌರೀಶಂಕರನ ಮೇಲೆ ಕಣ್ಣಿಟ್ಟಿದ್ದುದು ನೊಣಗಳು ಮಾತ್ರ.

ಎದುರಿನ ಸಾಲಿನಲ್ಲಿ ಶಾಂತವೀರಪ್ಪ ಕೊಡೆಯ ಹಿಡಿಗೆ ಗದ್ದವೂರಿ ಕೂತು, ಅಕ್ಕಪಕ್ಕದವರನ್ನು ವಿಚಾರಿಸುತ್ತಿದ್ದ. "ಆ ಬೆಂಚಿನ ಮ್ಯಾಲ ಕುಂತಾರಲ್ಲ, ಅವರು ಯಾರ್ರೀ?" ಅಕ್ಕಪಕ್ಕದವರು ಗೊತ್ತಿಲ್ಲವೆಂದು ತಲೆಯಾಡಿಸುತ್ತಿದ್ದರು. ಪ್ರತಿ ತಲೆಯಾಟಕ್ಕೂ ಗೌರೀಶಂಕರನ ಹೊಸ ಷೂ ಒಂದು ಹೆಜ್ಜೆ ದೂರ ಸರಿಯುತ್ತಿತ್ತು.

ಆಟ ಮುಗಿಯುತ್ತ ಬಂದರೂ ಅವನನ್ನು ಕರೆಯಲಿಲ್ಲ. ಲಕ್ಷ್ಮಿದೇವಮ್ಮ ತಾಳ್ಮೆಗೆಟ್ಟು ಎದ್ದಳು. ಹೊಸಕೆರೆಹಳ್ಳಿಯ ಏರಿಯಿಂದ ಎಮ್ಮೆ ಕರೆದು ಪಳಗಿದ ಗಂಟಲು.

"ನಮ್ ಗೌರೀನ ಇಳಿಸ್ರಲಾ! ಒಂದೂವರೆ ಸೀಸೆ ಎಣ್ಣೆ ಬೆಂಚಿಗೆ ಹಚ್ಚಕ್ಕಲ್ಲ ನಾ ಉಯ್ದಿದ್ದು!"

ಜನ ಗೊಳ್ಳೆಂದು ನಕ್ಕರು. ಆ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ ಚೂಡಾಮಣಿ ಒಬ್ಬನನ್ನು ಹೊರಗೆ ಕರೆದು, ಗೌರೀಶಂಕರನನ್ನು ಒಳಗೆ ಬಿಟ್ಟ.

ಬಿಸಿಲು, ಓಟ, ಬೆವರು. ನೆತ್ತಿಯಲ್ಲಿ ನೆಲೆಸಿದ್ದ ಕೇಶತೈಲ ಹಣೆಗಿಳಿಯಿತು, ಹಣೆಯಿಂದ ಕಣ್ಣಿಗೆ. ಕಣ್ಣೊರೆಸಿದ ಕೈಯಲ್ಲೇ ಅವನು ಚೆಂಡು ಹಿಡಿದ. ಚೆಂಡು ನಿಲ್ಲಲಿಲ್ಲ. ಎದುರಾಳಿ ಹಿಡಿದ, ಅವನ ಕೈಯಿಂದ ಒದ್ದೆ ಸೋಪಿನಂತೆ ಚಿಮ್ಮಿತು. ಚೂಡಾಮಣಿ ಹಾರಿ ಎರಡೂ ಕೈಯಿಂದ ತಬ್ಬಿದ. ಅದು ಅವನ ಕಂಕುಳಿನಿಂದ ನುಸುಳಿ ರೆಫರಿಯ ಮೂಗಿಗೆ ಬಡಿಯಿತು. ಆಮೇಲೆ ಯಾರೂ ಚೆಂಡನ್ನು ಹಿಡಿಯಲಾರದೆ, ಹತ್ತು ಜನವೂ ಕೋಳಿ ಅಟ್ಟಿಸಿಕೊಂಡು ಹೋಗುವವರಂತೆ ಬಗ್ಗಿ ಓಡತೊಡಗಿದರು. ಗೌರೀಶಂಕರನ ಬಲಗಾಲಿನ ಅಟ್ಟೆ ಈ ಗದ್ದಲದಲ್ಲಿ ದಾರ ಕಡಿದುಕೊಂಡು ತಾನೂ ಒಂದು ದಿಕ್ಕಿಗೆ ಓಡಿತು.

ರೆಫರಿ ಸೀಟಿ ಊದಿ ಚೆಂಡನ್ನು ಮೂಸಿ ನೋಡಿದರು. ಮತ್ತೊಮ್ಮೆ ಮೂಸಿದರು. ಅವರ ಮುಖ ಅನಿರೀಕ್ಷಿತವಾಗಿ ಸಡಿಲವಾಯಿತು.

"ಪರಿಮಳ ಚೆನ್ನಾಗಿದೆ. ಯಾವ ಎಣ್ಣೆ ಇದು?"

"ಸರ್ವಮಂಗಳಾ ಕೇಶತೈಲ!" ಲಕ್ಷ್ಮಿದೇವಮ್ಮನ ಉತ್ತರ ಮೈದಾನದ ನಾಲ್ಕು ಮೂಲೆಗೂ ತಲುಪಿತು. ಜನ ಅದನ್ನೇ ಹಿಡಿದು ಕೂಗತೊಡಗಿದರು. "ಸರ್ವಮಂಗಳಾ! ಸರ್ವಮಂಗಳಾ!" ಚೆಂಡನ್ನು ಸೀಗೆಪುಡಿ ಹಾಕಿ ತೊಳೆಯಲು ಕಳಿಸಿದರು. ಗೌರೀಶಂಕರನನ್ನು ಕ್ಲಬ್ಬಿನಿಂದಲೇ ಕಳಿಸಿದರು.

ಒಂದು ಕಾಲಲ್ಲಿ ಷೂ, ಒಂದು ಕೈಯಲ್ಲಿ ಅಟ್ಟೆ ಹಿಡಿದು ಅವನು ಹೊರಬಂದಾಗ, ಶಾಂತವೀರಪ್ಪ ಕೊಡೆ ಬೀಸುತ್ತ ಓಡಿಬಂದ. ಮುಖ ಅರಳಿತ್ತು.

"ಗೌರೀಶಂಕರ, ನೀವು ದೊಡ್ಡ ಉಪಕಾರ ಮಾಡಿದ್ರಿ! ದಂಡಿನ ಅಂಗಡಿಯವರು ಮೂರು ಮಂದಿ ಈಗಲೇ ಮಾಲು ಕೇಳ್ಯಾರ. ಎರಡು ಸಾವಿರ ಮಂದಿ ನನ್ನ ಎಣ್ಣಿ ಹೆಸರು ಕೂಗಿದ್ರು ನೋಡ್ರಿ!"

"ಹಾಗಾದ್ರೆ ನನ್ನ ಐವತ್ತು ರೂಪಾಯಿ…"

"ಅವರು ಕೂಗಿದ್ದು ಎಣ್ಣಿ ಹೆಸರು. ನಿಮ್ಮ ಹೆಸರು ಯಾರು ಕೇಳಿದ್ರು? ದಂಡಿನಾಗ ಮಾರಬೇಕಂದ್ರ ದಂಡಿನ ಮುಖ ಬೇಕು. ಚೂಡಾಮಣಿಯವರ ಜೊತೆ ಮಾತಾಡಿದೆ. ಐವತ್ತಕ್ಕ ಒಪ್ಪಿದ್ರು."

"ಹನುಮಂತನಗರದ ಸೀಸೆಗಾದ್ರೂ ನನ್ನ ಚಿತ್ರ ಇರ್ಲಿ ಸಾರ್."

"ಎರಡು ಲೇಬಲ್ ಅಚ್ಚು ಹಾಕ್ಸಿದ್ರ ನನಗ ಗಿಟ್ಟೂದಿಲ್ಲ. ಮ್ಯಾಲ ನೀವು ಅಲ್ಲಿ ಆಟ ಬಿಟ್ಟೇ ಬಿಟ್ರಿ."

ಗೌರೀಶಂಕರನಿಗೆ ಕೊನೆಯ ಆಸೆಯೊಂದು ಹೊಳೆಯಿತು. "ಆದ್ರೆ ಸಾರ್, ಅದು ಕೂದಲೆಣ್ಣೆ! ಅವರ ತಲೆಯಲ್ಲಿ ಕೂದಲೆಲ್ಲಿದೆ?"

ಶಾಂತವೀರಪ್ಪ ಅವನ ತಲೆಯನ್ನು ದನದ ಸಂತೆಯಲ್ಲಿ ಹೋರಿಯ ಬೆನ್ನು ಸವರುವವನಂತೆ ಸವರಿ, ಅಂಗೈ ತನ್ನ ಮೀಸೆಗೆ ಒರೆಸಿಕೊಂಡ.

"ಅದಕ್ಕ ನಿಮ್ಮನ್ನ ಕೈ ಬಿಟ್ಟಿಲ್ಲ ನಾನು. ನಾಳೆ ಸ್ಟುಡಿಯೋಕ್ಕ ಬರ್ರಿ. ಪಟದಾಗ ಮುಖ ಅವರದು ಇರ್ತದ, ಅದರ ಮ್ಯಾಲ ನಿಮ್ಮ ಕೂದಲು ಕತ್ತರಿಸಿ ಅಂಟಿಸ್ತಾರ. ನಿಮ್ಮ ಪ್ರತಿಫಲ ಏನೂ ಕಡಿಮಿ ಮಾಡೂದಿಲ್ಲ. ತಿಂಗಳಾ ಒಂದು ಬಾಟ್ಲಿ."

ಹಿಂದಿರುಗುವ ಬಸ್ಸಿನಲ್ಲಿ ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು.

"ಲೆಕ್ಕ ತಪ್ಪಲಿಲ್ಲ ಕಣಯ್ಯಾ. ಮೊದಲು ಇಡೀ ತಲೆಗೆ ಒಂದು ಸೀಸೆ. ಈಗ ಬರೀ ಕೂದಲಿಗೇ ಒಂದು ಸೀಸೆ. ದರ ಏರಿದೆ."

ಗೌರೀಶಂಕರ ಅಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನವರ ಅಂಗಿಗೆ ತಾಗದಂತೆ ತಲೆಯನ್ನು ನೆಟ್ಟಗೆ ಹಿಡಿದು ಕೂತಿದ್ದ.

ಹೊಸ ಲೇಬಲ್ಲಿನ ಮೊದಲ ಸೀಸೆ ವಠಾರಕ್ಕೆ ಬಂದ ದಿನ ಅವನು ಜಗುಲಿಯಲ್ಲಿ ಕೂತು ಹಳೆಯ ಷೂಗೆ ಗೋಣಿದಾರ ಸುತ್ತುತ್ತಿದ್ದ. ಲಕ್ಷ್ಮಿದೇವಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು, ಚಿತ್ರವನ್ನೂ ಅವನನ್ನೂ ಒಂದೆರಡು ಸಲ ಹೋಲಿಸಿ ನೋಡಿದಳು. ಅವನು ಆಸೆಯಿಂದ ತಲೆಯೆತ್ತಿ, ಹಣೆಯ ಸುಳಿ ಕಾಣುವಂತೆ ಬೆಳಕಿಗೆ ಸರಿದು ಕೂತ.

ಅವಳು ನಿಟ್ಟುಸಿರುಬಿಟ್ಟಳು.

"ಬ್ಯಾಸರ ಮಾಡ್ಕೋಬ್ಯಾಡ ಕಣ್ಲಾ ಗೌರಿ. ಇವನ ಕೂದ್ಲು ನೋಡು, ಹೆಂಗೈತೆ! ನಿಂಗೂ ಹಿಂಗಿದ್ದಿದ್ರೆ ಇದರ ಮ್ಯಾಲೆ ನೀನೇ ಇರ್ತಿದ್ದೆ."