ಪಕ್ಕದ ಮನೆಗೆ ಕನೆಕ್ಟ್ ಆದ ಕಂಟ್ರೋಲರಿಗೆ

ವೈರಿಲ್ಲದ ಕರಿ ಗೇಮ್ ಕಂಟ್ರೋಲರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುವ ಶಶಿರೇಖಾ ಮಾಡುವ ನಮಸ್ಕಾರಗಳು. ತಮ್ಮ ಬ್ಯಾಟರಿ ತುಂಬಿದೆಯೆಂದೂ ಗುಂಡಿಗಳೆಲ್ಲ ಕ್ಷೇಮವೆಂದೂ ನಂಬಿ, ತಮ್ಮ ಮೇಲಿನ ದೂರೊಂದನ್ನು ನಾಲ್ಕು ಜನ ಓದುವಂತೆ ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನನ್ನ ತಾಯಿ ಬೆಟ್ಟಮ್ಮನವರಿಗೆ ಲಕ್ವ ಹೊಡೆದು ಬಲಗೈ ಬೆರಳುಗಳು ಸುಮ್ಮನಾಗಿದ್ದವು. ಮಂಡ್ಯದ ಫಿಸಿಯೋಥೆರಪಿಸ್ಟ್ ನಯನ ಹಿಸುಕಲೆಂದು ಕೊಟ್ಟ ರಬ್ಬರ್ ಚೆಂಡನ್ನು ಅಮ್ಮ ಎಡಗೈಯಲ್ಲಿ ಕಿಟಕಿಯಾಚೆ ಎಸೆದರು. ಹಾಗಾದರೆ ವಿಡಿಯೋ ಗೇಮ್ ಆಡಿಸಿ ನೋಡಿ ಎಂದರು ನಯನ. ಕನ್ಸೋಲ್ ಎಂಬ ಆಟದ ಪೆಟ್ಟಿಗೆ ಕೊಂಡು ತಂದು ಟಿ.ವಿ.ಗೆ ಜೋಡಿಸಿದೆ. ಅದರ ಜೊತೆ ಬಂದಿದ್ದು ಒಂದೇ ಕಂಟ್ರೋಲರ್. “ಒಬ್ಳೇ ಕೂತ್ಕಂಡು ಏನಾಡಾದು? ಎದ್ರುಗೆ ಸೋಲಕ್ಕೆ ಒಬ್ರು ಬ್ಯಾಡ್ವಾ?” ಎಂದು ಅಮ್ಮ ಕೇಳಿದ್ದರಿಂದ, ಮದ್ದೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಮ್ಮನ್ನು ಕರೆತರುವ ಭಾಗ್ಯ ನನ್ನದಾಯಿತು.

ತಮ್ಮ ನಡುಗುಂಡಿ ಒತ್ತಿದಾಗ ದೀಪ ಮಿಣುಕುವ ಚೆಂದವನ್ನು ನಾನು ಅಲ್ಲಗಳೆಯಲಾರೆ. ಮಿಣುಕಿತು, ನಿಂತಿತು, ನಮ್ಮ ಕನ್ಸೋಲ್ ಮಾತ್ರ ತಮ್ಮ ಗುರುತೇ ಇಲ್ಲವೆಂಬಂತೆ ಕೂತಿತ್ತು. ತಮ್ಮನ್ನು ಹತ್ತಿರ ಹಿಡಿದೆ, ದೂರ ಹಿಡಿದೆ, ಒರೆಸಿದೆ, ಕೊನೆಗೆ ಬಹುವಚನದಲ್ಲಿ ಬೇಡಿಕೊಂಡೆ. ಪ್ರತಿ ಸಲವೂ ನಡುಗೋಡೆಯ ಆಚೆಯಿಂದ ನೆರೆಮನೆಯ ಮಂಗಳಮ್ಮನವರು ಕೂಗಿಕೊಳ್ಳುವುದು ಕೇಳುತ್ತಿತ್ತಾದರೂ, ನುಗ್ಗೆಮರದ ಕೊಂಬೆ ಕಡಿದ ಜಗಳದಿಂದಾಗಿ ನಮ್ಮೆರಡು ಮನೆಗಳಿಗೆ ಮಾತಿರಲಿಲ್ಲ. ಏನಾಯಿತೆಂದು ವಿಚಾರಿಸುವ ಪದ್ಧತಿಯೂ ಇರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಮಂಗಳಮ್ಮನವರೇ ನಮ್ಮ ನಡುಮನೆಗೆ ನುಗ್ಗಿದರು. ಧಾರಾವಾಹಿ ನೋಡುತ್ತಿದ್ದರೆ ಟಿ.ವಿ. ತಾನಾಗಿ ಆಟಕ್ಕೆ ತಿರುಗುತ್ತದೆ, ಆರಿಸಿದರೆ ತಾನಾಗಿ ಹತ್ತುತ್ತದೆ, ನಿಂಬೆಹಣ್ಣು ಕಟ್ಟಿದರೂ ಬಿಡದಂತೆ. “ಏನ್ ಮಾಡುಸ್ತಿದ್ದೀರಿ ನಮ್ಮನೆ ಮ್ಯಾಲೆ? ಎಲ್ಲಾ ಆರ್ಸಿ ಬಂದಿವ್ನಿ, ಈಗ ಅತ್ಸಿ ನೋಡಾನ!” ಎಂದು ಸವಾಲು ಹಾಕಿದರು.

ಅಮ್ಮನಿಗೆ ಸವಾಲೆಂದರೆ ಆಗದು. ನಾನು ಗುಂಡಿ ಒತ್ತಿದಾಗಲೆಲ್ಲ ಗೋಡೆಯಾಚೆ ಕೂಗು ಕೇಳಿದ್ದೂ ಅವರಿಗೆ ನೆನಪಿತ್ತು. ತಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈ ಮರೆತು, ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಚಾಚಿ, ತಮ್ಮ ನಡುಗುಂಡಿಯನ್ನು ಒತ್ತೇಬಿಟ್ಟರು. ಗೋಡೆಯಾಚೆ ಆಟದ ಸಂಗೀತ ಮೊಳಗಿತು.

ಬೈಯಲು ಬಾಯಿ ತೆರೆದವರ ಕಣ್ಣು ಅಮ್ಮನ ಬಲಗೈ ಮೇಲೆ ಬಿತ್ತು. “ಬೆಟ್ಟಮ್ಮ, ನಿನ್ ಎಬ್ಬೆಟ್ಟು ಅಳ್ಳಾಡ್ತು ಕಣಮ್ಮಿ!” ಎಂದರು ಮಂಗಳಮ್ಮ. ನೆಲದ ಮೇಲೆ ಕುಳಿತು, “ಇನ್ನೊಂದ್ ಕಿತ ಒತ್ತು” ಎಂದರು. ಅಮ್ಮ ಒತ್ತಿದರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಸಂಗತಿ ತಿಳಿಸಿದವರು ಮಂಗಳಮ್ಮನವರ ಮಗ ರಘುನಂದನ್. ತಮ್ಮನ್ನು ಆ ಮದ್ದೂರಿನ ಅಂಗಡಿಗೆ ಮಾರಿದವರು ಅವರೇ. ತಾವಿನ್ನೂ ಹಳೆಯ ಮನೆಯ, ಅಂದರೆ ಗೋಡೆಯಾಚೆಯ ಅವರ ಕನ್ಸೋಲನ್ನೇ ನೆನಪಿಟ್ಟುಕೊಂಡು, ಗುಂಡಿ ಒತ್ತಿದಾಗಲೆಲ್ಲ ಅದನ್ನೇ ಎಬ್ಬಿಸುತ್ತಿದ್ದಿರಿ. ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿದರೆ ಮರೆತುಬಿಡುತ್ತೀರಂತೆ. ಅವರು ಪಿನ್ನು ತಂದರು ಕೂಡ. “ಮುಟ್ಬ್ಯಾಡ ಕಣ್ಲಾ! ನಾಳೆಯಿಂದ ಬೆಟ್ಟಮ್ಮ ಆಡಕ್ಕೆ ನಮ್ಮನೇಗೇ ಬತ್ತಾಳೆ” ಎಂದು ಮಂಗಳಮ್ಮ ಮಗನ ಕೈ ತಳ್ಳಿದರು.

ಆದಕಾರಣ, ಎಂದಿಗೂ ನಮ್ಮ ಕನ್ಸೋಲಿಗೆ ಕನೆಕ್ಟ್ ಆಗದೆ ಹೀಗೆಯೇ ಕರ್ತವ್ಯಲೋಪ ಎಸಗುತ್ತಿರಬೇಕೆಂದೂ, ಸಾಧ್ಯವಾದರೆ ಊರಿನ ಇನ್ನಷ್ಟು ಮುನಿದ ಮನೆಗಳಿಗೆ ತಪ್ಪಾಗಿ ಹೊಂದಿಕೊಳ್ಳಬೇಕೆಂದೂ ಕೋರುತ್ತೇನೆ.

ಇಂತು, ತಮ್ಮನ್ನು ಬೈದ ಬಾಯಲ್ಲೇ ಹೊಗಳಬೇಕಾಗಿ ಬಂದ ತಮ್ಮ ವಿಶ್ವಾಸಿ,
ಶಶಿರೇಖಾ

ತಾ.ಕ.: ನಿನ್ನೆ ಅಮ್ಮ ಆ ಕೈಯಲ್ಲೇ ಅವರೆಕಾಳು ಹಿತುಕಿದರು. ಹಿತುಕಿದ ಬೇಳೆಯ ಸಾರು ಪಾತ್ರೆ ಸಮೇತ ಮಂಗಳಮ್ಮನವರ ಮನೆಗೆ ಹೋಯಿತು. ನನ್ನ ಪಾಲಿಗೆ ಉಳಿದದ್ದು ಸಿಪ್ಪೆ. ಇದಕ್ಕೂ ತಾವೇ ಹೊಣೆಗಾರರು.